ಹಾಸಿಗೆ ಬದಿಯ ದುಡಿಮೆಗೂ ಲೆಕ್ಕ ಬೇಡವೇ?

ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿದ್ದ ಸ್ತ್ರೀಯೊಬ್ಬಳು ಕೆಲವು ತಿಂಗಳಿಂದ ಕಾಣುವುದಿಲ್ಲ. ವಿಚಾರಿಸಿದರೆ, ‘ಅತ್ತೆ ಹಾಸಿಗೆ ಹಿಡಿದಿದ್ದಾರಂತೆ, ಪಾಪ’ ಎನ್ನುತ್ತಾರೆ. ಗುರುಗಳು ಪರಮಪ್ರಸಾದವನ್ನು ಮನೆಗೆ ಒಯ್ಯುತ್ತಾರೆ. ನೆರೆಯವರು ಹಣ್ಣು ಕೊಟ್ಟು ಬರುತ್ತಾರೆ. ಆಕೆ ಹೊಲಿಗೆಯ ಕೆಲಸ ಬಿಟ್ಟಳಲ್ಲ, ಸಂಘದ ಕಂತನ್ನು ಈಗ ಹೇಗೆ ಕಟ್ಟುತ್ತಾಳೆ ಎಂದು ಕೇಳುವವರು ಕಡಿಮೆ. ಸೇವೆಯ ಜೊತೆಯಲ್ಲಿ ಹಣದ ಮಾತೆತ್ತುವುದು ಸಣ್ಣತನ ಎಂದು ನಾವು ತಿಳಿದಿದ್ದೇವೆ. ಆದರೆ ತಂದೆತಾಯಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸಿದರೆಂದು ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿಯೂ ಮಾತು ಹಣಕಾಸಿನ ಆಸರೆಯದೇ.

ಈ ಪ್ರಶ್ನೆಯನ್ನು ಬಹಳ ಮೊದಲೇ ಎತ್ತಿದ ದೇಶ ಇಂಗ್ಲೆಂಡ್. ಅಲ್ಲಿ ಮೇರಿ ವೆಬ್‌ಸ್ಟರ್ ಎಂಬಾಕೆ ಕಾಂಗ್ರಿಗೇಶನಲ್ ಸಭೆಯ ಬೋಧಕಿಯಾಗಿದ್ದಳು. ವೃದ್ಧ ತಂದೆತಾಯಿಯನ್ನು ನೋಡಿಕೊಳ್ಳಲು ಆ ಹುದ್ದೆಯನ್ನೇ ಬಿಟ್ಟಳು. 1963ರಲ್ಲಿ ಆಕೆ ಪತ್ರಿಕೆಗಳಿಗೆ ಕಾಗದ ಬರೆದು, ತನ್ನಂತೆ ಮನೆಯಲ್ಲೇ ಸೆರೆಯಾದ ಅವಿವಾಹಿತ ಹೆಣ್ಣುಮಕ್ಕಳ ಗತಿ ಏನೆಂದು ಕೇಳಿದಳು. ಉತ್ತರವಾಗಿ ರಾಶಿ ಕಾಗದಗಳು ಬಂದವು. 1965ರಲ್ಲಿ ಅವರದೇ ಒಂದು ಸಂಘ ಹುಟ್ಟಿತು. 1976ರಲ್ಲಿ ಸರ್ಕಾರ ಆರೈಕೆ ಮಾಡುವವರಿಗೆ ಭತ್ಯೆಯನ್ನು ಆರಂಭಿಸಿತು.

ಆದರೆ ಮದುವೆಯಾದ ಸ್ತ್ರೀಗೆ ಭತ್ಯೆ ಇಲ್ಲ! ಆಕೆ ಹೇಗೂ ಮನೆಯಲ್ಲೇ ಇರುವವಳು, ಕಳೆದುಕೊಳ್ಳುವ ಸಂಪಾದನೆ ಎಲ್ಲಿ ಬಂತು ಎಂಬುದು ಅಧಿಕಾರಿಗಳ ವಾದ. (ನಮ್ಮ ಹಿರಿಯರ ಬಾಯಲ್ಲೂ ಇದೇ ಮಾತನ್ನು ಕೇಳಿಲ್ಲವೇ?) ಜಾಕ್ವೆಲಿನ್ ಡ್ರೇಕ್ ಎಂಬ ವಿವಾಹಿತೆ, ತೀವ್ರ ಅಂಗವಿಕಲಳಾದ ತನ್ನ ತಾಯಿಗಾಗಿ ಕೆಲಸ ಬಿಟ್ಟವಳು, ಇದನ್ನು ಪ್ರಶ್ನಿಸಿದಳು. 1986ರ ಜೂನ್‌ನಲ್ಲಿ ಐರೋಪ್ಯ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ಹತ್ತು ವರ್ಷ ಹೊರಗಿದ್ದವರಿಗೆ ಬಾಗಿಲು ತೆರೆಯಿತು.

ಅಷ್ಟಕ್ಕೇ ಎಲ್ಲವೂ ಸರಿಹೋಯಿತೆಂದಲ್ಲ. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ 2025-26ರಲ್ಲಿ ಆ ಭತ್ಯೆ ವಾರಕ್ಕೆ 83.30 ಪೌಂಡ್. ಆ ವರ್ಷ ಹೊರಗಿನ ಸಂಪಾದನೆ ವಾರಕ್ಕೆ 196 ಪೌಂಡನ್ನು ಒಂದು ಪೌಂಡಿನಷ್ಟು ಮೀರಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತಿತ್ತು. ಅರಿಯದೆ ಮಿತಿ ಮೀರಿದ ಸಾವಿರಾರು ಮಂದಿಗೆ, ವರ್ಷಗಳ ನಂತರ, ಪಡೆದ ಹಣವನ್ನೆಲ್ಲ ಹಿಂದಿರುಗಿಸಿರೆಂದು ನೋಟೀಸು ಬಂದಿತು. 2024ರಲ್ಲಿ ಅದು ಅಲ್ಲಿ ದೊಡ್ಡ ಗದ್ದಲವಾಯಿತು. ಸಂಪಾದನೆ ಏರಿದಂತೆ ಭತ್ಯೆ ಸ್ವಲ್ಪಸ್ವಲ್ಪವಾಗಿ ಇಳಿಯುವ ಹಾಗೆ ನಿಯಮವಿದ್ದಿದ್ದರೆ ಇಂಥ ಅನಾಹುತಕ್ಕೆ ಅವಕಾಶವಿರುತ್ತಿರಲಿಲ್ಲ. ನಮ್ಮಲ್ಲಿ ಯೋಜನೆಗಳನ್ನು ರೂಪಿಸುವವರು ಇದನ್ನು ಗಮನಿಸಬೇಕು.

ನಮ್ಮ ದೇಶದ ಮಾತಿಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಆರೈಕೆದಾರರು ಯಾರೆಂದು ಹೇಳುವಾಗ, ಸಂಬಳ ಪಡೆದಾಗಲಿ ಪಡೆಯದೆಯಾಗಲಿ ನೋಡಿಕೊಳ್ಳುವ ತಂದೆತಾಯಿ ಮತ್ತು ಮನೆಮಂದಿಯನ್ನೂ ಸೇರಿಸಿದೆ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆಯ ಯೋಜನೆಯನ್ನೂ ಅದೇ ಕಾಯ್ದೆ ಹೆಸರಿಸುತ್ತದೆ. ಕೇರಳವು ಅದಕ್ಕೂ ಮೊದಲೇ, 2010ರಲ್ಲಿ, ಹಾಸಿಗೆ ಹಿಡಿದವರ ಆರೈಕೆದಾರರಿಗಾಗಿ ಆಶ್ವಾಸಕಿರಣಂ ಯೋಜನೆಯನ್ನು ತಂದಿತ್ತು. ಕರ್ನಾಟಕ ಸರ್ಕಾರವು 2024-25ರ ಬಜೆಟ್ಟಿನಲ್ಲಿ ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಸ್ವಾಗತಿಸಬೇಕಾದ ಹೆಜ್ಜೆಯೇ. ಆದರೆ ದಿನಕ್ಕೆ ಲೆಕ್ಕ ಹಾಕಿದರೆ ಮೂವತ್ತಮೂರು ರೂಪಾಯಿ. ಲಕ್ವ ಹೊಡೆದ ಮಾವನನ್ನಾಗಲಿ, ಮರೆವಿನ ಕಾಯಿಲೆಯ ತಾಯಿಯನ್ನಾಗಲಿ ನೋಡಿಕೊಳ್ಳುವ ಮನೆಗಳು ಆ ನಾಲ್ಕು ಕಾಯಿಲೆಗಳ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಅಂಥ ಮನೆಗಳನ್ನೇ.

ಇರುವುದನ್ನಾದರೂ ಬಿಡಬಾರದು. ಮೊದಲು ಅಂಗವಿಕಲತೆಯ ಯುಡಿಐಡಿ ಕಾರ್ಡ್ ಮಾಡಿಸಿರಿ. ಹೆಚ್ಚಿನ ಸವಲತ್ತುಗಳಿಗೆ ಅದೇ ಕೀಲಿಕೈ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅರ್ಜಿಯ ವಿಷಯವನ್ನು ಅವರನ್ನು ಕೇಳಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವಿಕಲತೆಯ ಮಕ್ಕಳಿದ್ದರೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಉಂಟು. ಅರ್ಜಿ ತುಂಬಲು ಹೊತ್ತಿಲ್ಲದ ಆರೈಕೆದಾರರಿಗಾಗಿ ಧರ್ಮಕೇಂದ್ರದ ಯುವಕಯುವತಿಯರು ಒಂದು ಮಧ್ಯಾಹ್ನ ಕೊಟ್ಟರೆ ಅದು ಚಿಕ್ಕ ಸಹಾಯವಲ್ಲ.

ಇನ್ನು ಮನೆಯೊಳಗಿನ ಲೆಕ್ಕ. ಒಬ್ಬ ಮಗ ಗಲ್ಫಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ತಾಯಿಯ ಬಳಿ ಉಳಿದವಳು ಮದುವೆಯಾಗದ ಮಗಳು. ಅಣ್ಣಂದಿರು ಔಷಧದ ಬಿಲ್ಲಿಗೆ ಹಣ ಕಳಿಸುತ್ತಾರೆ, ಅದು ತಾಯಿಯ ಖರ್ಚಾಯಿತು. ತಂಗಿಯ ಹೆಸರಿನಲ್ಲಿ ಪ್ರತಿ ತಿಂಗಳೂ ಒಂದು ಆರ್‌.ಡಿ. ಕಟ್ಟಲು ಅವರಿಗೆ ಏನಡ್ಡಿ? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಆದರೆ ಹತ್ತು ವರ್ಷ ಹಾಸಿಗೆಯ ಬಳಿ ಕುಳಿತವಳಿಗೂ ಎಂದೋ ಒಮ್ಮೆ ಬಂದುಹೋದವನಿಗೂ ಆ ಕಾಯ್ದೆ ವ್ಯತ್ಯಾಸ ಮಾಡದು. ಆ ವ್ಯತ್ಯಾಸವನ್ನು ತಾಯಿತಂದೆಯರೇ ಉಯಿಲಿನಲ್ಲಿ ಬರೆಯಬೇಕು, ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಇಬ್ಬರು ಸಾಕ್ಷಿಗಳ ಸಹಿಯೊಡನೆ, ಸಾಧ್ಯವಾದರೆ ಎಲ್ಲ ಮಕ್ಕಳಿಗೂ ತಿಳಿಸಿ.