ಚಿತ್ರದ ಚೆಂಡು, ಕೈಯ ಚೆಂಡು: ಕೂಸಿನೊಡನೆ ಪುಸ್ತಕ, ಹಾಡು, ಆಟಿಕೆ ಹಂತ ಹಂತವಾಗಿ

9 ತಿಂಗಳ ಕೂಸಿನ ಮುಂದೆ ದಪ್ಪ ಹಾಳೆಯ ಪುಸ್ತಕ ತೆರೆದು ಕೆಂಪು ಚೆಂಡಿನ ಚಿತ್ರ ತೋರಿಸಿ. ಅದು ಅಂಗೈಯಿಂದ ಚಿತ್ರವನ್ನು ಉಜ್ಜುತ್ತದೆ, ಬೆರಳು ಮಡಿಸಿ ಹಾಳೆಯಿಂದ ಚೆಂಡನ್ನು ಕಿತ್ತುಕೊಳ್ಳಲು ನೋಡುತ್ತದೆ. ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಷ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ದಾಖಲಿಸಿತು: 9 ತಿಂಗಳವರು ಚಿತ್ರವನ್ನು ಹಿಡಿಯಲು ಹೋಗುತ್ತಾರೆ, 19 ತಿಂಗಳವರು ಬೆರಳು ಮಾಡಿ ತೋರಿಸುತ್ತಾರೆ. ಚಿತ್ರದ ಚೆಂಡು ಉರುಳುವುದಿಲ್ಲ, ಆದರೂ ಅದು ಚೆಂಡೇ ಎಂಬ ತಿಳಿವು ಈ ನಡುವಿನ ತಿಂಗಳುಗಳಲ್ಲಿ ಬಲಿಯುತ್ತದೆ. ಅದಕ್ಕೇ ಪುಸ್ತಕವನ್ನೊಂದು ದಿನ, ಆಟಿಕೆಯನ್ನೊಂದು ದಿನ ಕೊಡುವ ಬದಲು ಎರಡನ್ನೂ ಜೊತೆಯಾಗಿಯೇ ಕೂಸಿನ ಮುಂದಿಡಿ ಎನ್ನುತ್ತೇನೆ.

ಹಂತ 1: ಟಿ.ವಿ., ಮೊಬೈಲ್ ಆಫ್ ಮಾಡಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ 2 ವರ್ಷ ತುಂಬುವವರೆಗೆ ಮಕ್ಕಳನ್ನು ಪರದೆಯ ಮುಂದೆ ಕೂರಿಸದಿರುವುದೇ ಒಳಿತು. ಭಾರತೀಯ ಮಕ್ಕಳ ತಜ್ಞರ ಸಂಘದ ಮಾತೂ ಅದೇ. 'ಕಲಿಕೆಯ ವಿಡಿಯೋ' ಎಂಬ ಹಣೆಪಟ್ಟಿ ಇದ್ದರೂ ಅಷ್ಟೆ. ಡಿಲೋಷ್ ತಂಡ 2010ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಪದ ಕಲಿಸುವ ಡಿವಿಡಿಯನ್ನು 4 ವಾರ ನೋಡಿದ 12ರಿಂದ 18 ತಿಂಗಳ ಮಕ್ಕಳು, ಅದನ್ನು ನೋಡದವರಿಗಿಂತ ಹೆಚ್ಚು ಪದ ಕಲಿತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕಲಿತವರು, ವಿಡಿಯೋ ಇಲ್ಲದೆ ಅಪ್ಪ ಅಮ್ಮ ದಿನದ ಕೆಲಸಗಳ ನಡುವೆ ಅದೇ ಪದಗಳನ್ನು ಹೇಳಿಕೊಟ್ಟ ಮಕ್ಕಳು.

ದೂರದ ಊರಿನಲ್ಲೋ ಹೊರದೇಶದಲ್ಲೋ ಇರುವ ಅಜ್ಜಿಯ ವಿಡಿಯೋ ಕರೆ ಬೇರೆ ಸಂಗತಿ. ಅಲ್ಲಿ ಮಾತಿಗೆ ಮಾತು ಸಿಗುತ್ತದೆ. ಅಜ್ಜಿ ಅಲ್ಲಿ ಚೆಂಡು ಎತ್ತಿ ತೋರಿಸುವಾಗ ನೀವು ಇಲ್ಲಿ ನಿಜವಾದ ಚೆಂಡನ್ನು ಕೂಸಿನ ಕೈಗಿಡಿ.

ಹಂತ 2: ಒಂದೇ ವಸ್ತುವಿನ ಮೂರು ರೂಪ ಆರಿಸಿ

ಮೊದಲ ವಾರಕ್ಕೆ ಚೆಂಡು ಸಾಕು: ಚೆಂಡಿನ ಚಿತ್ರವಿರುವ ಪುಸ್ತಕ, ಬಟ್ಟೆಯದೋ ಮರದ್ದೋ ಒಂದು ಚೆಂಡು, ನೀವೇ ಕಟ್ಟಿದ ಎರಡು ಸಾಲಿನ ಹಾಡು. ಪುಸ್ತಕ ಇಲ್ಲದಿದ್ದರೆ ಮನೆಯ ಚೆಂಡಿನದೇ ಫೋಟೊ ತೆಗೆದು ಪ್ರಿಂಟ್ ಹಾಕಿಸಿ ದಪ್ಪ ರಟ್ಟಿಗೆ ಅಂಟಿಸಿ. ಅಂಗಡಿಯ ಪುಸ್ತಕಕ್ಕಿಂತ ಇದೇ ನನಗೆ ಹೆಚ್ಚು ಇಷ್ಟ. ಚಿತ್ರದಲ್ಲಿರುವುದೂ ಕೈಯಲ್ಲಿರುವುದೂ ಒಂದೇ ಚೆಂಡಾಗಿರುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಉಚಿತ ಕನ್ನಡ ಚಿತ್ರಪುಸ್ತಕಗಳೂ ಇವೆ.

ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೇ ಹೋಗುತ್ತದೆ. ಚೆಂಡಿನ ಅಡ್ಡಳತೆ 4.5 ಸೆಂ.ಮೀ.ಗಿಂತ ದೊಡ್ಡದಿರಲಿ. ಬೇರೆ ಆಟಿಕೆಗಳಲ್ಲಿ ಕಿತ್ತುಬರುವ ಕಣ್ಣು, ಗುಂಡಿ, ಮಣಿ ಇವೆಯೇ ಎಂದು ಬೆರಳಿನಿಂದ ಜಗ್ಗಿ ನೋಡಿ. ಗುಂಡಿ ಒತ್ತಿದರೆ ಹಾಡುವ ಪುಸ್ತಕಗಳ ಒಳಗೆ ಬಟನ್ ಬ್ಯಾಟರಿ ಇರಬಹುದು. ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅಂಥವನ್ನು ಮನೆಗೆ ತರಲೇಬೇಡಿ.

ಮರದ್ದು ಬೇಕೆಂದರೆ ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣಕ್ಕಿಂತ ದೂರ ಹೋಗಬೇಕಿಲ್ಲ. ಅಲ್ಲಿ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊಳ್ಳುವಾಗ ಅರಗಿನ ಬಣ್ಣವೋ ಪೇಂಟೋ ಎಂದು ಬಾಯಿಬಿಟ್ಟು ಕೇಳಿ. ಕಾರ್ಖಾನೆಯ ಆಟಿಕೆಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ.

ಹಂತ 3: ಹೊತ್ತು ಮತ್ತು ಜಾಗ

ನಿದ್ದೆ ಮುಗಿದು, ಹಾಲು ಕುಡಿದು ಸ್ವಲ್ಪ ಹೊತ್ತಾಗಿ, ಕಣ್ಣರಳಿಸಿ ಸುಮ್ಮನೆ ನೋಡುತ್ತಿರುವ ಹೊತ್ತು ಒಳ್ಳೆಯದು. ಎಳೆಗೂಸಿಗೆ 20ರಿಂದ 30 ಸೆಂ.ಮೀ. ದೂರದ್ದು ಚೆನ್ನಾಗಿ ಕಾಣುತ್ತದೆ. ಕಪ್ಪು ಬಿಳುಪಿನ ದಪ್ಪ ಚಿತ್ರಗಳನ್ನು ಅಲ್ಲಿ ಹಿಡಿಯಿರಿ. ಎಚ್ಚರವಿದ್ದಾಗ ಬೋರಲು ಮಲಗಿಸಿ ಎದುರಿಗೆ ಪುಸ್ತಕ ನಿಲ್ಲಿಸಿದರೆ ಕತ್ತು ಎತ್ತಲು ಅದಕ್ಕೊಂದು ಕಾರಣ ಸಿಗುತ್ತದೆ.

ಹಂತ 4: ತೋರಿಸಿ, ಹೇಳಿ, ಕಾಯಿರಿ

ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಟ ತೆರೆಯಿರಿ. ಚಿತ್ರದ ಮೇಲೆ ಬೆರಳಿಟ್ಟು "ಚೆಂಡು" ಎನ್ನಿ. ಈಗ ನಿಜವಾದ ಚೆಂಡನ್ನು ಪುಟದ ಪಕ್ಕಕ್ಕೇ ತನ್ನಿ, ಮತ್ತೆ "ಚೆಂಡು" ಎನ್ನಿ. ಆಮೇಲೆ ಸುಮ್ಮನಿರಿ. ಹೊಸಬರಿಗೆ ಕಷ್ಟವಾಗುವುದು ಈ ಸುಮ್ಮನಿರುವುದೇ. ಕೂಸು ಚೆಂಡನ್ನು ನೋಡಿ, ಚಿತ್ರ ನೋಡಿ, ಕೊನೆಗೆ ನಿಮ್ಮ ಮುಖ ನೋಡಲು ಅದರದೇ ಹೊತ್ತು ಬೇಕು. ಆ ನೋಟ ನಿಮ್ಮ ಕಡೆ ತಿರುಗಿದಾಗ ಉತ್ತರ ಕೊಡಿ: "ಹೌದು ಪುಟ್ಟಾ, ಅದೇ ಚೆಂಡು, ಇಲ್ಲೂ ಇದೆ ನೋಡು."

ಅದು ಚೆಂಡು ಬಿಟ್ಟು ನಿಮ್ಮ ಬಳೆಯನ್ನೇ ನೋಡುತ್ತಿದ್ದರೆ ಬಳೆಯ ಹೆಸರನ್ನೇ ಹೇಳಿ. ಗಮನ ಈಗಾಗಲೇ ಇರುವ ಕಡೆ ಮಾತು ಸೇರಿಸುವುದು ಸುಲಭ. ಪುಸ್ತಕ ಕಚ್ಚಿದರೆ ಕಸಿಯಬೇಡಿ, ಈ ವಯಸ್ಸಿನ ಓದು ಹಾಗೆಯೇ ಇರುತ್ತದೆ.

ಹಂತ 5: ಹಾಡಿ, ಉರುಳಿಸಿ

ಹಾಡು ನಿಮ್ಮ ಬಾಯಿಂದಲೇ ಬರಲಿ, ರಾಗ ತಪ್ಪಿದರೂ ಚಿಂತೆಯಿಲ್ಲ. ಮೊಬೈಲಿನಿಂದ ನೀವು ಹಾಡು ಕಲಿಯಿರಿ, ಕೂಸು ನಿಮ್ಮಿಂದ ಕಲಿಯಲಿ. "ಚೆಂಡು" ಎಂಬ ಮಾತು ಬಂದಾಗಲೆಲ್ಲ ಚೆಂಡನ್ನು ಉರುಳಿಸಿ. ಕೆಲವು ದಿನಗಳಾದ ಮೇಲೆ ಆ ಮಾತಿಗೆ ಮುಂಚೆ ಕ್ಷಣ ತಡೆದು ನೋಡಿ. ಕೂಸು ಕಾಲು ಝಾಡಿಸುತ್ತಾ ಚೆಂಡಿನ ಕಡೆಗೇ ನೋಡುತ್ತಿರಬಹುದು.

ಹಂತ 6: ಸಾಕೆಂದಾಗ ನಿಲ್ಲಿಸಿ

ಮುಖ ತಿರುಗಿಸುವುದು, ಬೆನ್ನು ಸೆಟೆಸುವುದು, ಕಣ್ಣುಜ್ಜುವುದು, ಇವೆಲ್ಲ ಸಾಕೆಂಬ ಮಾತೇ. ಎರಡು ನಿಮಿಷಕ್ಕೇ ಮುಗಿದರೂ ಅದು ಪೂರ್ಣ ಆಟ.

ಹಂತ 7: ವಯಸ್ಸಿನೊಡನೆ ಆಟ ಬೆಳೆಸಿ

ಒಮ್ಮೆಗೆ ಒಂದನ್ನೇ ಬದಲಿಸಿ. ಚೆಂಡಿನ ಹಾಡು ಹಾಗೇ ಇರಲಿ, ಚೆಂಡಿನ ಬಣ್ಣವಷ್ಟೇ ಬೇರೆಯಾಗಲಿ. 8–9 ತಿಂಗಳಿಗೆ ಚೆಂಡನ್ನು ಟವೆಲ್ಲಿನಡಿ ಬಚ್ಚಿಟ್ಟು "ಎಲ್ಲಿ ಹೋಯ್ತು?" ಎಂದು ಕೇಳಿ. ವರ್ಷ ತುಂಬುವ ಹೊತ್ತಿಗೆ ಪಾತ್ರೆಗೆ ಹಾಕುವುದು, ತೆಗೆಯುವುದು ಶುರುವಾಗುತ್ತದೆ. ಅಡುಗೆಮನೆಯ ಸ್ಟೀಲ್ ಡಬ್ಬಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಮೇಲೆ ಲೋಟ, ಚಮಚ, ಬಾಳೆಹಣ್ಣು, ಒಂದೊಂದಕ್ಕೂ ಒಂದು ಚಿತ್ರ, ಒಂದು ಹಾಡು.

6 ತಿಂಗಳಾದರೂ ಬೆನ್ನ ಹಿಂದಿನ ಗಿಲಕಿಯ ಸದ್ದಿಗೆ ಕೂಸು ತಿರುಗುತ್ತಿಲ್ಲ, ಅಥವಾ ಮುಖದ ಮುಂದೆ ನಿಧಾನವಾಗಿ ಸರಿಸಿದ ಚೆಂಡನ್ನು ಅದರ ಕಣ್ಣು ಹಿಂಬಾಲಿಸುತ್ತಿಲ್ಲ ಎನಿಸಿದರೆ, "ಇನ್ನೂ ಚಿಕ್ಕದಲ್ಲವೇ" ಎಂದು ದಿನ ದೂಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ತೊಂದರೆ ಬೇಗ ಗೊತ್ತಾದಷ್ಟೂ ಮಾತು ಕಲಿಯಲು ಮಗುವಿಗೆ ಹೆಚ್ಚು ಅವಕಾಶ ಸಿಗುತ್ತದೆ.