ಕೋಣೆಯ ಬಿಸಿ ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಕೊಡಗಿನವರಿಗೆ ಹವಾನಿಯಂತ್ರಕದ, ಅಂದರೆ ಎ.ಸಿ.ಯ ಪಾಠವೇ ಎಂದು ನಿಮಗೆ ನಗು ಬರಬಹುದು. ಜುಲೈನಲ್ಲಿ ಒಲೆಯ ಮುಂದೆ ಕುಳಿತು ಬಟ್ಟೆ ಒಣಗಿಸುವವರು ನಾವು. ಆದರೆ ಕೊಡಗೆಲ್ಲ ಮಡಿಕೇರಿಯಲ್ಲ. ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಕಾವೇರಿಯ ದಡದಲ್ಲಿರುವ ಕುಶಾಲನಗರವು ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಅಲ್ಲಿ ಮಳೆ ಕಡಿಮೆ, ಮಾರ್ಚ್ ಏಪ್ರಿಲ್‌ನಲ್ಲಿ ಸೆಕೆ ಹೆಚ್ಚು.

ಕಳೆದ ಏಪ್ರಿಲ್‌ನಲ್ಲಿ ಅಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಕಾಂಕ್ರೀಟ್ ಸೂರಿನ ಮನೆ, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ, ಮಲಗುವ ಕೋಣೆಗೊಂದು ಒಂದೂವರೆ ಟನ್ನಿನ ಎ.ಸಿ. "ಹದಿನೆಂಟಕ್ಕೆ ಇಟ್ಟರೂ ತಣ್ಣಗಾಗುವುದಿಲ್ಲ, ಬಿಲ್ಲು ಮಾತ್ರ ಏರುತ್ತಿದೆ" ಎಂದು ಅಕ್ಕನ ದೂರು. ಏಳನೇ ತರಗತಿಯಲ್ಲಿ ಓದುವ ಅವಳ ಮಗಳು ನನ್ನನ್ನು ಕೇಳಿದಳು: "ಮಾವ, ಇದು ಚಳಿಯನ್ನು ಎಲ್ಲಿಂದ ತರುತ್ತದೆ?"

ಪ್ರಶ್ನೆ ಚೆನ್ನಾಗಿದೆ. ಉತ್ತರವೇನೆಂದರೆ, ಅದು ಚಳಿಯನ್ನು ತರುವುದೇ ಇಲ್ಲ. ಚಳಿ ಎಂಬುದು ತಂದು ಸುರಿಯುವ ವಸ್ತುವಲ್ಲ. ಕೋಣೆಯಲ್ಲಿರುವ ಉಷ್ಣವನ್ನು ಎತ್ತಿ ಹೊರಗೆ ಹಾಕುವುದಷ್ಟೇ ಎ.ಸಿ.ಯ ಕೆಲಸ. ದೋಣಿಯೊಳಗೆ ನುಗ್ಗಿದ ನೀರನ್ನು ಹೊರಗೆ ಎರಚುವುದಿಲ್ಲವೇ, ಹಾಗೆ.

ಹೇಗೆ ಎತ್ತುತ್ತದೆ? ಅಂಗೈ ಮೇಲೆ ಎರಡು ಹನಿ ಸ್ಯಾನಿಟೈಸರ್ ಹಾಕಿ ಊದಿ ನೋಡಿ. ತಣ್ಣಗಾಯಿತಲ್ಲವೇ? ದ್ರವವು ಆವಿಯಾಗುವಾಗ ನಿಮ್ಮ ಕೈಯ ಉಷ್ಣವನ್ನು ಹೀರಿಕೊಂಡಿತು. ಎ.ಸಿ.ಯ ಕೊಳವೆಗಳಲ್ಲಿ ಶೀತಕ ಎಂಬ ದ್ರವ ಸುತ್ತುತ್ತಿರುತ್ತದೆ. ಇಂದಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಎಂಬ ಶೀತಕವು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿಯುತ್ತದೆ! ಒಳಗಿನ ಪೆಟ್ಟಿಗೆಯಲ್ಲಿ ಅದು ಕೋಣೆಯ ಉಷ್ಣವನ್ನು ಹೀರಿ ಆವಿಯಾಗುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಡುತ್ತದೆ. ಆವಿ ಬಿಸಿಯಾಗಿ, ಫ್ಯಾನಿನ ಗಾಳಿಗೆ ಉಷ್ಣವನ್ನು ಬಿಟ್ಟುಕೊಟ್ಟು, ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ನಿಮ್ಮ ಮನೆಯ ಫ್ರಿಜ್ಜಿನದೂ ಇದೇ ಕಥೆ. ಅದರ ಹಿಂಬದಿಯನ್ನೋ ಪಕ್ಕದ ಗೋಡೆಯನ್ನೋ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. (ಹಾಗಾದರೆ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಂಪಾದೀತೇ? ಯೋಚಿಸಿ.)

ಇಲ್ಲಿ 'ಟನ್' ಎಂದರೆ ಯಂತ್ರದ ತೂಕವಲ್ಲ. ಹಿಂದೆ ಅಮೆರಿಕದಲ್ಲಿ ಮಂಜುಗಡ್ಡೆ ತಂದು ಕಟ್ಟಡಗಳನ್ನು ತಂಪು ಮಾಡುತ್ತಿದ್ದರು. ಒಂದು ಟನ್, ಅವರ ಲೆಕ್ಕದಲ್ಲಿ 907 ಕಿಲೋ, ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಿ ಎಷ್ಟು ಉಷ್ಣ ಹೀರುತ್ತದೋ ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು.

ಈಗ ಬಿಲ್ಲಿಗೆ ಬರೋಣ. ಒಂದೂವರೆ ಟನ್ನಿನ ಎ.ಸಿ.ಯ ಕಂಪ್ರೆಸರ್ ಓಡುವಾಗ ಸುಮಾರು 1500 ವ್ಯಾಟ್ ಬೇಕು. ಅಂದರೆ ಒಂದು ಗಂಟೆಗೆ ಒಂದೂವರೆ ಯೂನಿಟ್. ರಾತ್ರಿ ಎಂಟು ಗಂಟೆಗಳಲ್ಲಿ ಕಂಪ್ರೆಸರ್ ಐದು ಗಂಟೆ ಓಡಿದರೂ ಏಳೂವರೆ ಯೂನಿಟ್. ಮೂವತ್ತು ರಾತ್ರಿಗೆ 225 ಯೂನಿಟ್. 75 ವ್ಯಾಟಿನ ಸೀಲಿಂಗ್ ಫ್ಯಾನ್ ಅಷ್ಟೂ ರಾತ್ರಿ, ಎಂಟೂ ಗಂಟೆ ತಿರುಗಿದರೆ ಬರೀ 18 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಮನೆಯವರೇ ಕಟ್ಟಬೇಕು. ಅಕ್ಕನ ಮುಖ ಬಾಡಿದ್ದು ಇದಕ್ಕೇ.

ಹೊರಗಿನ ಪೆಟ್ಟಿಗೆ ನೋಡೋಣವೆಂದು ನಾವಿಬ್ಬರೂ ಮನೆಯ ಹಿಂದೆ ಹೋದೆವು. ನೋಡಿದರೆ ಅದಕ್ಕೆ ನೀಲಿ ಟಾರ್ಪಾಲು ಸುತ್ತಿ ಹಗ್ಗ ಬಿಗಿದಿದ್ದರು! ಮಳೆಗಾಲದಲ್ಲಿ ನೆನೆಯದಿರಲೆಂದು ಕಟ್ಟಿದ್ದು, ಬಿಚ್ಚಲು ಮರೆತುಹೋಗಿತ್ತು. ನಮ್ಮ ಊರಿನಲ್ಲಿ ಸೌದೆಯಿಂದ ಹಿಡಿದು ಬೈಕಿನವರೆಗೆ ಎಲ್ಲಕ್ಕೂ ಟಾರ್ಪಾಲು ಹೊದಿಸುವ ಅಭ್ಯಾಸ. ಆದರೆ ಆ ಪೆಟ್ಟಿಗೆ ಮಳೆಯಲ್ಲಿ ನೆನೆಯಲೆಂದೇ ತಯಾರಾದದ್ದು. ಟಾರ್ಪಾಲಿನೊಳಗೆ ಅದು ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಉಷ್ಣ ಹೊರಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಸುಮ್ಮನೆ ಏದುಸಿರು ಬಿಡುತ್ತಿತ್ತು.

ಒಳಗಿನ ಜಾಲರಿಯಲ್ಲೂ ಧೂಳು ತುಂಬಿತ್ತು. ಭಾವ ಸ್ವಿಚ್ ಆರಿಸಿ, ಜಾಲರಿ ತೆಗೆದು ತೊಳೆದರು. ಇದು ದೊಡ್ಡವರ ಕೆಲಸ, ನೀವು ಕೈಹಾಕಬೇಡಿ. ಆಮೇಲೆ ಉಳಿದದ್ದು ಹದಿನೆಂಟರ ಭ್ರಮೆ. 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಆ ಅಂಕಿ ವೇಗವಲ್ಲ, ಎಲ್ಲಿ ನಿಲ್ಲಬೇಕೆಂಬ ಗುರುತು. ಬಿಸಿ ಕೋಣೆ 25ಕ್ಕೆ ಇಳಿಯುವವರೆಗೆ ಎರಡೂ ಒಂದೇ. 25ಕ್ಕೆ ಇಟ್ಟ ಯಂತ್ರ ಅಲ್ಲಿ ವಿಶ್ರಮಿಸುತ್ತದೆ, 18ಕ್ಕೆ ಇಟ್ಟದ್ದು ಓಡುತ್ತಲೇ ಇರುತ್ತದೆ. ಒಂದು ಡಿಗ್ರಿ ಏರಿಸಿದರೆ ವಿದ್ಯುತ್ ಸುಮಾರು ಶೇಕಡ 6ರಷ್ಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ಎ.ಸಿ., ಫ್ರಿಜ್ಜುಗಳ ಮೇಲೆ ನಕ್ಷತ್ರಗಳ ಚೀಟಿ ಅಂಟಿಸುವ ವ್ಯವಸ್ಥೆ ಇದೇ ಸಂಸ್ಥೆಯದು. ನಕ್ಷತ್ರ ಚೀಟಿಯ ಕೋಣೆ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ.

ಅಕ್ಕನ ಮಗಳು ರಾತ್ರಿ 9ಕ್ಕೂ ಬೆಳಿಗ್ಗೆ 6ಕ್ಕೂ ಮೀಟರು ನೋಡಿ ಬರೆದಿಟ್ಟಳು. ಟಾರ್ಪಾಲು ಬಿಚ್ಚುವ ಮುಂಚಿನ ರಾತ್ರಿ 10 ಯೂನಿಟ್. ಬಿಚ್ಚಿ, ಜಾಲರಿ ತೊಳೆದು, 25ಕ್ಕೆ ಇಟ್ಟು, ಮೆಲ್ಲಗೆ ಫ್ಯಾನ್ ಹಾಕಿದ ರಾತ್ರಿ 6. ಎರಡರಲ್ಲೂ ಫ್ರಿಜ್ಜಿನ ಪಾಲು ಸೇರಿದೆ. ಒಂದೊಂದೇ ಬದಲಾವಣೆ ಮಾಡಿದ್ದರೆ ಯಾವುದರಿಂದ ಎಷ್ಟು ಉಳಿಯಿತೆಂದು ತಿಳಿಯುತ್ತಿತ್ತು. ಆತುರ ನನ್ನದೇ.

ಆದರೆ ಒಳಗೆ ಬರುವ ಉಷ್ಣವನ್ನೇ ತಡೆದರೆ ಎತ್ತಿ ಹಾಕುವ ಕೆಲಸವೇ ಕಡಿಮೆ. ನಮ್ಮ ಹಳೆಯ ಐನ್‌ಮನೆಗಳನ್ನು ನೋಡಿ. ದಪ್ಪ ಮಣ್ಣಿನ ಗೋಡೆ, ಎತ್ತರದ ಸೂರು, ಮುಂದೆ ನೆರಳಿನ ಕೈಯಾಲೆ. ಮಂಗಳೂರು ಹೆಂಚು ಬಂದ ಮೇಲೆ (ಬಾಸೆಲ್ ಮಿಷನ್ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ) ಮೇಲೇರಿದ ಬಿಸಿ ಗಾಳಿ ಹೆಂಚಿನ ಸಂದುಗಳಲ್ಲಿ ನುಸುಳಿ ಹೊರಹೋಗುತ್ತದೆ. ಕಾಂಕ್ರೀಟ್ ಹಾಗಲ್ಲ. ಹಗಲೆಲ್ಲ ಬಿಸಿಲನ್ನು ಹೀರಿ, ರಾತ್ರಿ ನಾವು ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ತಗಡಿನ ಶೀಟಿನ ಲೈನ್‌ಮನೆಗಳಲ್ಲಿ ಮಧ್ಯಾಹ್ನದ ಕಷ್ಟ ಅಲ್ಲಿರುವ ಮಕ್ಕಳಿಗೆ ಗೊತ್ತು. ಶೀಟಿನ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂತಿರುಗಿ ಹೋಗುತ್ತದೆ. ಮಳೆಗೆ ತೊಳೆದುಹೋದರೂ ಮುಂದಿನ ಬೇಸಿಗೆಗೆ ಮತ್ತೆ ಬಳಿಯಬಹುದು. ಅಕ್ಕನ ಮನೆಗೆ ನಾನು ಹೇಳಿದ್ದು ಪಶ್ಚಿಮದ ಕಿಟಕಿಯ ಹೊರಗೆ ಒಂದು ಬಿದಿರಿನ ತಟ್ಟಿ. ಒಳಗಿನ ಪರದೆಗಿಂತ ಅದು ಮೇಲು, ಯಾಕೆಂದರೆ ಬಿಸಿಲು ಗಾಜನ್ನು ದಾಟುವ ಮುಂಚೆಯೇ ತಡೆಯುತ್ತದೆ.

ಮಾಡಿ ನೋಡಿ: ಶಾಲೆಯ ಪ್ರಯೋಗಾಲಯದ ತಾಪಮಾಪಕವನ್ನು (ಜ್ವರ ನೋಡುವುದಲ್ಲ) ಶಿಕ್ಷಕರಿಂದ ಪಡೆಯಿರಿ. ಬಿಸಿಲಿರುವ ದಿನ ಹೆಂಚಿನ, ಶೀಟಿನ, ಕಾಂಕ್ರೀಟಿನ ಸೂರುಗಳ ಕೆಳಗೆ, ನೆಲದಿಂದ ಒಂದೇ ಎತ್ತರದಲ್ಲಿ ಐದೈದು ನಿಮಿಷ ತೂಗುಹಾಕಿ ಅಂಕಿ ಬರೆದುಕೊಳ್ಳಿ. ಮಧ್ಯಾಹ್ನ 2ಕ್ಕೊಮ್ಮೆ, ಮನೆಯವರ ಜೊತೆ ರಾತ್ರಿ 8ಕ್ಕೊಮ್ಮೆ. ಎರಡೂ ಹೊತ್ತಿನಲ್ಲಿ ಮೂರು ಸೂರುಗಳ ಕ್ರಮ ಒಂದೇ ಇರುತ್ತದೆಯೇ? ಅಳೆಯುವ ಮುಂಚೆ ನಿಮ್ಮ ಊಹೆಯನ್ನೂ ಬರೆದಿಡಿ.