ಸ್ತನದ ನೋವು: ಯಾವಾಗ ವೈದ್ಯರ ಬಳಿ ಹೋಗಬೇಕು?

ಪ್ರಥಮ ಪಿಯುಸಿಯಲ್ಲಿದ್ದಾಗ ನನಗೆ ಎರಡೂ ಸ್ತನಗಳಲ್ಲಿ ನೋವು. ಕ್ಯಾನ್ಸರ್ ಎಂದೇ ಹೆದರಿ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಉಮ್ಮನೇ ಗಮನಿಸಿ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಅವರು ಮೊದಲು ಕೇಳಿದ್ದು ಮುಟ್ಟಿನ ದಿನಾಂಕ.

ಮುಟ್ಟಿಗೆ ಕೆಲವು ದಿನ ಮುಂಚೆ ಹಾರ್ಮೋನುಗಳ ಏರಿಳಿತದಿಂದ ಸ್ತನಗಳು ಭಾರವಾಗಿ ನೋಯುತ್ತವೆ. ಮುಟ್ಟು ಶುರುವಾದ ಮೇಲೆ ನೋವು ಇಳಿಯುತ್ತದೆ. ಇದು ರೋಗವಲ್ಲ. ಎರಡು-ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ನಿಮಗೇ ತಿಳಿಯುತ್ತದೆ. ಅಳತೆ ಸರಿಯಿಲ್ಲದ ಬ್ರಾದಿಂದಲೂ ನೋವು ಬರುತ್ತದೆ. ಒಂದೇ ಹೆಗಲಿಗೆ ಹಾಕುವ ನಮ್ಮ ಭಾರದ ಬ್ಯಾಗಿನಿಂದ ನೋಯುವುದು ಸ್ತನವಲ್ಲ, ಅದರ ಹಿಂದಿನ ಸ್ನಾಯು.

ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲವಂತೆ. ನನಗೆ ಅಚ್ಚರಿಯಾದದ್ದು ಇದು. ನಮ್ಮ ವಯಸ್ಸಿನಲ್ಲಿ ಬೆರಳಿಗೆ ಜಾರುವ ಗಂಟು ಸಿಕ್ಕರೆ ಅದು ಹೆಚ್ಚಾಗಿ ಫೈಬ್ರೋಅಡಿನೋಮಾ, ಕ್ಯಾನ್ಸರ್ ಅಲ್ಲ. ಆದರೆ ಹಾಗೆಂದು ಹೇಳಬೇಕಾದವರು ವೈದ್ಯರು, ಗೆಳತಿಯಲ್ಲ. ಹೊಸ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟಿನಿಂದ ರಕ್ತ, ಒಂದೇ ಜಾಗದಲ್ಲಿ ಬಿಡದ ನೋವು ಇದ್ದರೆ ತಡಮಾಡದೆ ತೋರಿಸಿ. ಕೆಂಪಾಗಿ ಜ್ವರವೂ ಬಂದರೆ ಅದೇ ದಿನ.

ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು, ಮನೆಯವರೊಬ್ಬರನ್ನು ಒಳಗೆ ಕರೆದುಕೊಳ್ಳಲೂಬಹುದು. ನಾನು ಉಮ್ಮನ ಕೈ ಹಿಡಿದೇ ಮಲಗಿದ್ದೆ.